ತಾಳ ಓಡಿಸುತ್ತಿದ್ದವರು ಯಾರು

ಅಥಣಿಯ ಆರ್ಕೆಸ್ಟ್ರಾದ ಬೇಸ್ ಗಿಟಾರಿನವನು ಆ ಪ್ರಶ್ನೆ ಕೇಳದೇ ಇದ್ದಿದ್ದರೆ ನಾನು ಇನ್ನೂ ಕೆಲವು ವರ್ಷ ನೆಮ್ಮದಿಯಾಗಿ ಇರುತ್ತಿದ್ದೆನೇನೋ. ಚಿಕ್ಕೋಡಿ ಬಸ್‌ಸ್ಟ್ಯಾಂಡಿನ ಎದುರಿನ ಹೋಟೆಲಿನಲ್ಲಿ ಇಬ್ಬರೂ ಚಹಾ ಕುಡಿಯುತ್ತ ಕೂತಿದ್ದೆವು. ಅವನು ರಾಯಬಾಗಕ್ಕೆ ಒಂದು ಮದುವೆಗೆ ಹೊರಟಿದ್ದ, ನಾನು ನಿಪ್ಪಾಣಿಗೆ ವಾಪಸು ಹೊರಟಿದ್ದೆ. ಇಬ್ಬರ ಬಸ್ಸೂ ಬಂದಿರಲಿಲ್ಲ. ಎಂಬತ್ತರ ದಶಕ ಮುಗಿಯುತ್ತಿದ್ದ ದಿನಗಳು. ನಮ್ಮ ಸೀಮೆಯಲ್ಲೆಲ್ಲ ಬೇಸ್ ಗಿಟಾರ್ ಹಿಡಿದವರು ಬೆರಳೆಣಿಕೆಯಷ್ಟು ಜನ, ಒಬ್ಬರಿಗೊಬ್ಬರು ಸಿಕ್ಕರೆ ಮಾತು ಮುಗಿಯುತ್ತಿರಲಿಲ್ಲ.

ಮಾತೆಂದರೆ ಬರೀ ಸಾಮಾನಿನದು. ಮೊದಲು ತಂತಿ. ಬೇಸಿನ ದಪ್ಪ ತಂತಿ ಕೊಲ್ಹಾಪುರದಲ್ಲೂ ಸುಲಭಕ್ಕೆ ಸಿಗುತ್ತಿರಲಿಲ್ಲ. ಹಳೆಯದಾಗಿ ದನಿ ಸತ್ತರೆ ಬಿಚ್ಚಿ, ಸೋಡಾಪುಡಿ ಹಾಕಿದ ನೀರಿನಲ್ಲಿ ಕುದಿಸಿ, ಬಿಸಿಲಿಗೆ ಒಣಗಿಸಿ ಮತ್ತೆ ಕಟ್ಟುತ್ತಿದ್ದೆವು. ಒಮ್ಮೆ ನಮ್ಮ ಅವ್ವ ಒಲೆಯ ಮೇಲಿನ ಪಾತ್ರೆಯ ಮುಚ್ಚಳ ತೆಗೆದು, "ಶ್ಯಾವಿಗಿ ಅಂತ ತಿಳಿದಿದ್ನೆಲ್ಲೋ ಭಾಡ್ಯಾ" ಎಂದು ಬೈದಿದ್ದಳು. ಅಥಣಿಯವನು ಬೇವಿನ ಸೊಪ್ಪನ್ನೂ ಹಾಕಿ ಕುದಿಸುತ್ತಿದ್ದನಂತೆ. ಅದರಿಂದ ಏನಾಗುತ್ತದೆ ಎಂದು ಕೇಳಿದೆ. "ಏನಾಗ್ತೈತೋ ಗೊತ್ತಿಲ್ಲ, ಕೆಡಕಂತೂ ಆಗಿಲ್ಲ" ಎಂದ.

ಆಮೇಲೆ ಸ್ಪೀಕರ್ ಪೆಟ್ಟಿಗೆಯ ಮಾತು. ನನ್ನದನ್ನು ನಿಪ್ಪಾಣಿಯ ರೇಡಿಯೊ ರಿಪೇರಿಯವರೊಬ್ಬರು ಹಳೆಯ ಕಪಾಟಿನ ಹಲಗೆಯಿಂದ ಮಾಡಿಕೊಟ್ಟಿದ್ದರು. ಇಬ್ಬರು ಎತ್ತಬೇಕು, ಮೂರನೆಯವನು ಬೈಯಬೇಕು. ಇಷ್ಟು ಒಜ್ಜೆ ಹೊತ್ತರೂ ಕಾರ್ಯಕ್ರಮ ಮುಗಿದ ಮೇಲೆ ಜನ ಬಂದು ಹಾಡುವವರ ಕೈ ಕುಲುಕಿ, ನನ್ನನ್ನು ನೋಡಿ "ನೀವೇನು ಬಾರಸ್ತೀರಿ?" ಎಂದು ಕೇಳುತ್ತಿದ್ದರು. ಅಥಣಿಯವನಿಗೂ ಅದೇ ಪಾಡು. ಅದನ್ನು ಹೇಳಿಕೊಂಡು ಇಬ್ಬರೂ ನಗುತ್ತಿದ್ದಾಗಲೇ ಅವನು ಕೇಳಿದ್ದು.

"ನಿಮ್ಮಲ್ಲಿ ತಾಳ ಹಿಡಿಯಾಂವ ಯಾಂವಲೇ? ನೀನೋ, ಡ್ರಮ್ಮಿನಾಂವೋ?"

"ಡ್ರಮ್ಮಿನವ್ರು. ನಾ ಅವ್ರ ಕಾಲ ನೋಡ್ಕೋತ ಹೋಗ್ತೀನಿ."

"ಅವ್ರು ಯಾರನ್ನ ನೋಡ್ತಾರ?"

ಗೊತ್ತಿರಲಿಲ್ಲ. ಅಷ್ಟು ವರ್ಷ ಜೊತೆಗೆ ನುಡಿಸಿದ್ದರೂ ಆ ಮಾತು ನನಗೆ ಹೊಳೆದೇ ಇರಲಿಲ್ಲ.

ನಮ್ಮ ಡ್ರಮ್ಮಿನವರು ಬೇಡಕಿಹಾಳದವರು, ನನಗಿಂತ ಬಹಳ ದೊಡ್ಡವರು. ನಾನು ಅವರನ್ನು ಚಾಚಾ ಎನ್ನುತ್ತಿದ್ದೆ, ಅವರು ನನ್ನನ್ನು ತಮ್ಮಾ ಎನ್ನುತ್ತಿದ್ದರು. ಅವರ ಮನೆತನವೇ ಮದುವೆಯ ಬ್ಯಾಂಡಿನದು. ಬೀದಿಯಲ್ಲಿ ನಡೆದು ನಡೆದು ಬಾರಿಸಿ ಸಾಕಾಗಿ, ಕೂತು ಬಾರಿಸುವ ಆಸೆಗೆ ನಮ್ಮ ಆರ್ಕೆಸ್ಟ್ರಾಕ್ಕೆ ಬಂದಿದ್ದರು. ನನಗಾದರೆ ಹಗಲು ತಂಬಾಕಿನ ವಖಾರಿಯಲ್ಲಿ ಮೂಟೆ ತೂಗುವ ಕೆಲಸವಿತ್ತು. ಅವರಿಗೆ ಆ ಡ್ರಮ್ಮಿನ ಹಿಂದಿನ ಸ್ಟೂಲೇ ಎಲ್ಲ. "ಈ ಸ್ಟೂಲ್ ಮ್ಯಾಲೆ ಕುಂತಾಗಿಂದ ನನ್ನ ಮೊಣಕಾಲ ಸುಧಾರಿಸ್ಯಾವು" ಎಂದು ಹೇಳುತ್ತಿದ್ದರು.

ಮರುದಿನವೇ ಕೇಳಿದೆ. "ಚಾಚಾ, ತಾಳಕ್ಕ ನೀವು ಯಾರನ್ನ ನೋಡ್ತೀರಿ?"

"ನಿನ್ನ ಬಟ್ಟ ನೋಡ್ತೀನಲ್ಲ. ನಿನ್ನ ಬಟ್ಟ ಬಿದ್ದಲ್ಲಿ ನನ್ನ ಕಾಲ ಬೀಳ್ತೈತಿ."

ನನ್ನ ತಲೆ ಗಿರ್ರೆಂದಿತು. ನಾನು ಅವರ ಕಾಲು ನೋಡುತ್ತೇನೆ, ಅವರು ನನ್ನ ಬೆರಳು ನೋಡುತ್ತಾರೆ. ಹಾಗಾದರೆ ತಾಳ ಎಲ್ಲಿಂದ ಬರುತ್ತದೆ? ಇದನ್ನು ಹೇಳಿದರೆ ಚಾಚಾ ನಕ್ಕು, "ಅಲ್ಲಾ ಕೊಡ್ತಾನ, ನೀ ಬಾರಿಸು" ಎಂದರು. ಅವರಿಗೆ ನಗೆ, ನನಗೆ ಮಾತ್ರ ಅವತ್ತಿನಿಂದ ಕೈ ತಡವರಿಸತೊಡಗಿತು.

ಸುಮ್ಮನೆ ಇದ್ದುಬಿಡಬಹುದಿತ್ತು, ಆದರೆ ನಮ್ಮಲ್ಲಿ ಒಂದು ರೋಗವಿತ್ತು. ಹಾಡು ಶುರುವಾಗುವಾಗ ಸರಿಯಾಗಿ ಇರುತ್ತಿತ್ತು, ಮುಗಿಯುವ ಹೊತ್ತಿಗೆ ಓಡುತ್ತಿತ್ತು. ಕೊನೆಯ ಚರಣದಲ್ಲಿ ಹಾಡುವ ಹೆಣ್ಣುಮಗಳಿಗೆ ಉಸಿರೇ ಸಿಗುತ್ತಿರಲಿಲ್ಲ. ನಮ್ಮ ಮಾಲಕರು ತಾವೂ ಹಾಡುವವರು, ಹಗಲು ಬಟ್ಟೆ ಅಂಗಡಿ, ಸಂಜೆ ಆರ್ಕೆಸ್ಟ್ರಾ. ಮೈಕಿನಿಂದ ಮುಖ ತಿರುಗಿಸಿ ನಮ್ಮಿಬ್ಬರಿಗೂ ಬೈಯುತ್ತಿದ್ದರು. "ಹಳೂ, ಹಳೂ! ಯಾಕ ಓಡಾಕತ್ತೀರಿ? ನಾಯಿ ಬೆನ್ನ ಹತ್ಯಾವೇನು?"

ಆಗಲೇ ಮಿರಜಿನಿಂದ ಕೀಬೋರ್ಡ್ ಬಂತು. ಅದರಲ್ಲಿ ಒಂದು ಬಟನ್ ಒತ್ತಿದರೆ ತಾನೇ ಡ್ರಮ್ಮು ಬಾರಿಸುತ್ತಿತ್ತು. ಬಟನ್ ಬೇಡವೆಂದರೆ ನುಡಿಸುವವನು ಎಡಗೈಯಿಂದ ಬೇಸನ್ನೂ ಬಾರಿಸಬಹುದು. ಮಾಲಕರು ಅದರ ಮೇಲಿನ ಬಟ್ಟೆ ಸರಿಸಿ, ಎಲ್ಲರ ಎದುರಿಗೇ ಹೇಳಿದರು. "ನಿಮ್ಮಿಬ್ಬರಾಗ ಯಾಂವೋ ಒಬ್ಬ ಓಡಾಕತ್ತಾನ. ಯಾಂವ ಅಂತ ಐನಾಪುರದ ಪ್ರೋಗ್ರಾಮಿನ್ಯಾಗ ನೋಡ್ತೀನಿ. ಓಡಾಂವ ಮನ್ಯಾಗ ಕುಂಡ್ರಲಿ, ಅವನ ಕೆಲಸ ಇದು ಮಾಡ್ತೈತಿ."

ಚಾಚಾನ ಮುಖ ನೋಡಿದೆ. ಅವರು ತಮ್ಮ ಸ್ಟೂಲನ್ನು ನೋಡುತ್ತಿದ್ದರು. ಓಡುವವನು ನಾನಾದರೆ ವಖಾರಿ ಇದೆ, ಊಟಕ್ಕೆ ತೊಂದರೆಯಿಲ್ಲ, ಆದರೆ ಬೇಸ್ ಇಲ್ಲದೆ ನಾನು ತಂಬಾಕು ತೂಗುವವನು ಮಾತ್ರ. ಅವರಾದರೆ ಆ ವಯಸ್ಸಿನಲ್ಲಿ ಮತ್ತೆ ಬೀದಿಗೆ ಇಳಿಯಬೇಕು. ಯಾರು ಓಡುತ್ತಿದ್ದೇವೆ ಎಂದು ಮಾತ್ರ ಇಬ್ಬರಿಗೂ ಗೊತ್ತಿಲ್ಲ! ಕಳ್ಳತನ ಮಾಡಿದ್ದರೆ ಮಾಡಿದವನಿಗಾದರೂ ಗೊತ್ತಿರುತ್ತದೆ.

ಐನಾಪುರಕ್ಕೆ ಮೊದಲು ಇಬ್ಬರೂ ಕೂತು ಪರೀಕ್ಷೆ ಮಾಡಿಕೊಂಡೆವು. ನಾನು ಗೋಡೆಯ ಕಡೆ ಮುಖ ಮಾಡಿದೆ, ಚಾಚಾ ಕಣ್ಣು ಮುಚ್ಚಿಕೊಂಡರು. ಯಾರೂ ಯಾರನ್ನೂ ನೋಡದೆ ಬಾರಿಸಬೇಕು, ಆಗ ಓಡುವವನು ತಾನಾಗಿಯೇ ಸಿಗುತ್ತಾನೆ ಎಂದುಕೊಂಡಿದ್ದೆವು. ಸ್ವಲ್ಪ ಹೊತ್ತಿಗೆ ಅವರದು ಒಂದು ದಾರಿ, ನನ್ನದು ಒಂದು ದಾರಿ. ನಮ್ಮ ಜೊತೆ ಹಾಡು ನುಡಿಸುತ್ತಿದ್ದ ಹಾರ್ಮೋನಿಯಂನವನು ಪೆಟ್ಟಿಗೆ ಮುಚ್ಚಿಟ್ಟು, "ಈಗ ನಾ ಯಾರ ಮನಿಗೆ ಹೋಗ್ಲಿ?" ಎಂದು ಕೇಳಿದ. ಯಾರು ಮುಂದೆ, ಯಾರು ಹಿಂದೆ ಎಂದು ಅವನಿಗೂ ಹೇಳಲಾಗಲಿಲ್ಲ. ಮತ್ತೆ ಒಬ್ಬರನ್ನೊಬ್ಬರು ನೋಡಿ ಬಾರಿಸಿದೆವು. ಎಷ್ಟು ಚೆನ್ನಾಗಿ ಕೂತಿತು ಎಂದರೆ ಕಣ್ಣಲ್ಲಿ ನೀರು ಬರುವುದೊಂದು ಬಾಕಿ. ಹಾಡು ಮಾತ್ರ ಓಡಿತು.

ಐನಾಪುರದಲ್ಲಿ ಜನ ಬಹಳ. ಒಂದು ಕನ್ನಡ ಹಾಡು, ಒಂದು ಮರಾಠಿ ಹಾಡು, ಹಾಗೆ ಸರದಿ. ನಾನು ಅವತ್ತು ಚಾಚಾನ ಕಾಲು ಬಿಟ್ಟು ಬೇರೆಲ್ಲೂ ನೋಡಲಿಲ್ಲ, ಅವರು ನನ್ನ ಬೆರಳು ಬಿಟ್ಟು ಬೇರೆಲ್ಲೂ ನೋಡಲಿಲ್ಲ. ಮಾಲಕರು ಯಾವಾಗಿನಂತೆ ಟೇಪ್‌ರೆಕಾರ್ಡರನ್ನು ವೇದಿಕೆಯ ಎದುರು ಕುರ್ಚಿಯ ಮೇಲೆ ಇಟ್ಟು ಹಾಡುಗಳನ್ನೆಲ್ಲ ಕ್ಯಾಸೆಟ್ಟಿಗೆ ತುಂಬಿಕೊಂಡರು.

ಆ ಕ್ಯಾಸೆಟ್ಟನ್ನು ಅಂಗಡಿಯಲ್ಲಿ ನಮ್ಮಿಬ್ಬರನ್ನೂ ಕೂರಿಸಿ ಕೇಳಿಸಿದರು. ಹಾಡು ಕೇಳುತ್ತಿತ್ತು, ಡ್ರಮ್ಮು ಕೇಳುತ್ತಿತ್ತು, ಮುಂದಿನ ಸಾಲಿನ ಯಾರದೋ ಕೆಮ್ಮು ಕೂಡ ಕೇಳುತ್ತಿತ್ತು. ಬೇಸ್ ಇರಲೇ ಇಲ್ಲ. ಅಂಗೈಯಷ್ಟಗಲದ ಆ ಸ್ಪೀಕರಿನಲ್ಲಿ ನನ್ನ ಸಪ್ಪಳ ಹಾಯುವುದೇ ಇಲ್ಲ. ಎರಡನೆಯ ಚರಣಕ್ಕೆ ಡ್ರಮ್ಮು ಓಡತೊಡಗಿತು. ಮಾಲಕರು ಚಾಚಾನ ಕಡೆ ನೋಡಿದರು.

"ಕೇಳಿದ್ರಿಲ್ಲ?"

ನಾನು ಎದ್ದು ನಿಂತೆ. "ಮಾಲಕ್ರ, ಇದರಾಗ ನಾ ಇಲ್ಲಽ ಇಲ್ಲ. ನಾ ಓಡಿದ್ರೂ ಕೇಳಸಂಗಿಲ್ಲ."

"ಇಲ್ಲ ಅಂದ ಮ್ಯಾಲೆ ನೀ ಓಡಿಲ್ಲ. ಕುಂಡ್ರು" ಎಂದರು.

ಇಲ್ಲದವನು ಓಡಲಾರ, ಮಾತು ಸರಿಯಾಗಿಯೇ ಇತ್ತು. ಸರಿಯಾಗಿದ್ದ ಮಾತಿನಲ್ಲಿ ತಪ್ಪು ಎಲ್ಲಿದೆ ಎಂದು ಹುಡುಕುವಷ್ಟರಲ್ಲಿ ಚಾಚಾ ಎದ್ದು, "ಆಗಲಿ ಮಾಲಕ್ರ" ಎಂದು ಚಪ್ಪಲಿ ಮೆಟ್ಟಿಕೊಂಡಿದ್ದರು.

ಅಥಣಿಯವನು ಮತ್ತೆ ಚಿಕ್ಕೋಡಿಯಲ್ಲಿ ಸಿಕ್ಕಾಗ ಎಲ್ಲವನ್ನೂ ಹೇಳಿದೆ. ಅಷ್ಟರಲ್ಲಿ ಅವನೇ ಬೇಸ್ ಬಿಟ್ಟು ಕೀಬೋರ್ಡ್ ಕಲಿಯುತ್ತಿದ್ದ. "ಟೇಪಿನ್ಯಾಗ ನಮ್ಮ ಸಪ್ಪಳ ಎಂದೂ ಬಂದಿಲ್ಲೋ ಮಾರಾಯಾ. ಬರ್ತೈತಿ ಅಂತ ನಾವಽ ತಿಳ್ಕೊಂಡಿರ್ತೀವಿ. ನೀ ಉಳಕೊಂಡಿಯಲ್ಲ, ಸುಮ್ನಿರು" ಎಂದ. ನನಗೆ ಸಿಟ್ಟು ಬಂತು. ಪ್ರಶ್ನೆ ಹುಟ್ಟಿಸಿದವನೇ ಇವನು, ಈಗ ಸುಮ್ಮನಿರು ಎನ್ನುತ್ತಾನೆ. ಅವನ ಚಹಾವನ್ನೂ ನಾನೇ ಕುಡಿದು ಎದ್ದು ಬಂದೆ.

ಆಮೇಲೆ ಆ ಕೀಬೋರ್ಡಿನ ಡ್ರಮ್ ಮಷೀನಿನ ಜೊತೆಗೆ ನುಡಿಸತೊಡಗಿದೆ. ಹಾಡು ಓಡುವುದು ನಿಂತಿತು. ನಿಂತದ್ದು ನಿಜ, ಸುಳ್ಳು ಹೇಳಲಾರೆ. ಆದರೆ ನಾನು ಎಲ್ಲಿ ನೋಡಬೇಕೆಂದೇ ತಿಳಿಯುತ್ತಿರಲಿಲ್ಲ. ಮಷೀನಿಗೆ ಕಾಲಿಲ್ಲ. ಅದು ನನ್ನ ಬೆರಳನ್ನು ನೋಡುವುದಿಲ್ಲ. ಕಾಗವಾಡದಲ್ಲಿ ಒಮ್ಮೆ ಹಾಡುವ ಹೆಣ್ಣುಮಗಳು ಸಾಲನ್ನು ಮೊದಲೇ ಎತ್ತಿಕೊಂಡುಬಿಟ್ಟಳು. ಇಂಥದ್ದು ಎಷ್ಟು ಸಲ ಆಗಿತ್ತೋ. ಚಾಚಾ ಇದ್ದಾಗ ಇಬ್ಬರೂ ಕಣ್ಣಲ್ಲೇ ಮಾತಾಡಿ ಅರ್ಧ ಆವರ್ತ ನುಂಗಿ ಅವಳನ್ನು ಹಿಡಿಯುತ್ತಿದ್ದೆವು, ಯಾರಿಗೂ ಗೊತ್ತಾಗುತ್ತಿರಲಿಲ್ಲ. ಮಷೀನು ತನ್ನ ಪಾಡಿಗೆ ತಾನು ಹೋಯಿತು. ನಾನು ಅವಳ ಕಡೆ ಹೋದರೆ ಮಷೀನು ಬಿಡುತ್ತಿತ್ತು, ಮಷೀನಿನ ಕಡೆ ಹೋದರೆ ಅವಳು ಬಿಡುತ್ತಿದ್ದಳು. ಮಷೀನನ್ನು ಬೈಯಲಾಗುವುದಿಲ್ಲವಲ್ಲ, ಮಾಲಕರು ನನ್ನನ್ನೇ ಬೈದರು. ಜನ ಚಪ್ಪಾಳೆ ಹೊಡೆದರು, ಅವರಿಗೆ ಏನೂ ಅನಿಸಿರಲಿಲ್ಲ. ಆ ಚಪ್ಪಾಳೆ ಕೇಳಿ ನನಗೆ ಅಳು ಬಂತು. ಚಾಚಾ ಬೇಕು ಅನಿಸಿತು, ಹಟ ಹಿಡಿದ ಕೂಸಿನ ಹಾಗೆ.

ಅವರು ಸಿಕ್ಕಿದ್ದು ಶಿರಗುಪ್ಪಿಯಲ್ಲಿ, ನಮ್ಮ ದೂರದ ಸಂಬಂಧಿಕರ ಮದುವೆಯಲ್ಲಿ. ಮದುಮಗನ ಮೆರವಣಿಗೆ ಬಿಸಿಲಲ್ಲಿ ನಿಂತಿತ್ತು. ಕುದುರೆಯವನು ಕುದುರೆಗೆ ನೀರು ಕುಡಿಸುತ್ತಿದ್ದ, ಬ್ಯಾಂಡಿನವರು ನೆರಳು ಹುಡುಕಿಕೊಂಡಿದ್ದರು. ಹೊಳೆಯುವ ಗುಂಡಿಯ ಕೆಂಪು ಕೋಟು ಹಾಕಿಕೊಂಡು, ಕುತ್ತಿಗೆಗೆ ಡ್ರಮ್ಮು ನೇತುಹಾಕಿಕೊಂಡು ಚಾಚಾ ಗೋಡೆಗೆ ಒರಗಿ ಮೊಣಕಾಲು ತಿಕ್ಕಿಕೊಳ್ಳುತ್ತಿದ್ದರು. ನನ್ನನ್ನು ಕಂಡು ಮುಖವೆಲ್ಲ ಅರಳಿತು.

"ಬಾ ತಮ್ಮಾ, ಬಾ! ಮಷೀನ್ ಜೋಡಿ ಹೆಂಗ ನಡದೈತಿ?"

ಹೇಳಬೇಕಾದದ್ದು ಬೇಕಾದಷ್ಟಿತ್ತು. ನೀವಿಲ್ಲದೆ ಬೇಸರ, ಅದರ ಜೊತೆ ಜೀವ ಕೂಡುವುದಿಲ್ಲ, ಮಾಲಕರಿಗೆ ಹೇಳುತ್ತೇನೆ, ವಾಪಸು ಬನ್ನಿ. ಇಷ್ಟನ್ನೂ ಪ್ರೋಗ್ರಾಮು ಮುಗಿಸಿ ಬಸ್ಸಿನಲ್ಲಿ ಬರುವಾಗೆಲ್ಲ ಎಷ್ಟೋ ಸಲ ಅಂದುಕೊಂಡಿದ್ದೆ. ಬಾಯಿಗೆ ಬಂದದ್ದು ಬೇರೆ.

"ಅದು ಓಡಂಗಿಲ್ರಿ ಚಾಚಾ."

ಮೊಣಕಾಲು ತಿಕ್ಕುತ್ತಿದ್ದ ಕೈ ನಿಂತಿತು. "ಓಡಂಗಿಲ್ಲೇನು?"

"ಇಲ್ರಿ."

"ನೀ ಅದರ ಜೋಡಿ ಬಾರಿಸಿದ್ರೂ?"

ಆಗ ನಾನು ಏನು ಹೇಳಿದೆ ಎಂಬುದು ನನಗೆ ಹೊಳೆಯಿತು. ನಾಲಿಗೆ ಕಚ್ಚಿಕೊಂಡೆ. ಚಾಚಾ ನಿಧಾನವಾಗಿ ತಲೆ ಆಡಿಸಿದರು.

"ಅಂದ್ರ ನಾನಽ ಓಡ್ತಿದ್ನಿ. ನೀ ಅಲ್ಲ."

"ಹಂಗಲ್ರಿ! ಅದಕ್ಕ ನನ್ನ ಸಪ್ಪಳಾನಽ ಕೇಳಸಂಗಿಲ್ಲ. ನಾ ಓಡಿದ್ರೂ ಅದು ನನ್ನ ಹಿಂದ ಬರಂಗಿಲ್ಲ, ಆಮ್ಯಾಲೆ ನಾನಽ ತಿರುಗಿ ಅದರ ಕಡೆ..."

ನನ್ನ ಮಾತು ನನಗೇ ಕಗ್ಗಂಟಾಯಿತು. ಅಷ್ಟರಲ್ಲಿ ಕ್ಲಾರಿನೆಟ್ಟಿನವನು ಊದಿದ, ಕುದುರೆ ಹೆಜ್ಜೆ ಇಟ್ಟಿತು. ಚಾಚಾ ನನ್ನ ಭುಜ ತಟ್ಟಿ, "ಗೊತ್ತಾತಲ್ಲ, ಛಲೋ ಆತು ಬಿಡು" ಎಂದು ಸಾಲಿಗೆ ಸೇರಿಕೊಂಡರು.

ನಾನು ಪಕ್ಕದಲ್ಲೇ ನಡೆದೆ. ಮಾತು ಪೂರಾ ಮಾಡಬೇಕಿತ್ತು, ಆದರೆ ಆ ಗದ್ದಲದಲ್ಲಿ ಯಾರಿಗೆ ಕೇಳಬೇಕು? ಅವರು ನನ್ನ ಕಡೆ ನೋಡಲಿಲ್ಲ. ತಮ್ಮ ಕೋಲುಗಳನ್ನೇ ನೋಡುತ್ತ, ಒಂದೊಂದು ಪೆಟ್ಟನ್ನೂ ಹಿಡಿದು ಹಿಡಿದು ಬಾರಿಸುತ್ತಿದ್ದರು. ಎಷ್ಟು ನಿಧಾನ ಎಂದರೆ ಕುದುರೆ ಮುಂದೆ ಹೋಗಿ, ಮದುಮಗ ತಿರುಗಿ ನೋಡಿದ. ಬ್ಯಾಂಡಿನ ಮುಂದಾಳು ಹಿಂದಕ್ಕೆ ಓಡಿ ಬಂದು, "ಏನಾತ್ರಿ ಚಾಚಾ ನಿಮಗ, ಅಕ್ಕಿಕಾಳ ಹಾಕೂ ಹೊತ್ತಾಗೈತಿ, ಜರಾ ಲಗೂ ಲಗೂ ಬಾರಸ್ರಿ" ಎಂದು ಕೂಗಿದ.

"ಬ್ಯಾಡಪಾ" ಎಂದರು ಚಾಚಾ. "ನನಗ ಓಡೂ ಚಟ ಐತಿ."