ಎಡಗಡೆ ಸ್ಟೇರಿಂಗಿನ ಕಾರು, ಬಲಗಡೆ ಕೂತ ಮಾವ

ಅರವತ್ನಾಲ್ಕನೇ ಇಸವಿ. ಚನ್ನರಾಯಪಟ್ಟಣದಲ್ಲಿ ಎಸ್ಸೆಸ್ಸೆಲ್ಸಿ ಮುಗಿಸಿದ್ದೆ. ಮುಂದೆ ಓದಿಸುವುದೋ ಮದುವೆ ಮಾಡುವುದೋ ಎಂದು ನಮ್ಮ ಮನೆಯವರು ತೀರ್ಮಾನಿಸುವವರೆಗೆ ಇರಲಿ ಎಂದು ನನ್ನನ್ನು ಸೋದರತ್ತೆಯ ಮನೆಗೆ ಕಳಿಸಿದ್ದರು. ಅತ್ತೆಯ ಊರು ಅರಕಲಗೂಡಿನ ಆಚೆ, ಮಲ್ಲಿಪಟ್ಟಣಕ್ಕೆ ಹತ್ತಿರ. ಆಗ ನಡೆದದ್ದು ಇದು. ಈಗ ನನಗೆ ಎಂಬತ್ತು ಹತ್ತಿರವಾಯಿತು. ಇದನ್ನು ಹೇಳಲು ಶುರು ಮಾಡಿದರೆ ಮೊಮ್ಮಕ್ಕಳು "ಬಿಟ್ಟಾಕಿ ಅಜ್ಜಿ, ಬಿಪಿ ಏರುತ್ತೆ" ಎನ್ನುತ್ತಾರೆ. ಏರಲಿ. ನೆನೆಸಿಕೊಂಡರೆ ಇವತ್ತಿಗೂ ಮೈ ಉರಿಯುತ್ತದೆ.

ನಮ್ಮ ಮಾವ ಊರಿಗೆ ದೊಡ್ಡ ಗೌಡರು, ಪಂಚಾಯಿತಿಗೆ ಛೇರ್ಮನ್ನರು. ಹಾಸನದಲ್ಲಿದ್ದ ಒಬ್ಬ ಪರದೇಶದ ಎಂಜಿನಿಯರ್ ಕೆಲಸ ಮುಗಿಸಿ ತನ್ನ ದೇಶಕ್ಕೆ ಹೊರಟಾಗ ಅವನ ಕಾರನ್ನು ಮಾವ ಕೊಂಡುಕೊಂಡರು. ಸುತ್ತಿನ ಹಳ್ಳಿಗಳಲ್ಲಿ ಯಾರ ಹತ್ತಿರವೂ ಕಾರಿರಲಿಲ್ಲ. ಆದರೆ ಆ ಕಾರಿಗೆ ಸ್ಟೇರಿಂಗು ಎಡಗಡೆ ಇತ್ತು. ಅವರ ದೇಶದಲ್ಲಿ ಗಾಡಿಗಳೆಲ್ಲ ರಸ್ತೆಯ ಬಲಗಡೆ ಹೋಗುತ್ತವಂತೆ, ಅದಕ್ಕೆ ಡ್ರೈವರು ಎಡಗಡೆ ಕೂರುತ್ತಾನಂತೆ. ನಮ್ಮಲ್ಲಿ ಎಲ್ಲ ತಿರುವುಮುರುವು. ಎಡಗಡೆ ಕೂತ ಡ್ರೈವರಿಗೆ ಮುಂದಿರುವ ಗಾಡಿಯ ಬೆನ್ನು ಬಿಟ್ಟರೆ ಎದುರಿನ ರಸ್ತೆ ಕಾಣುವುದಿಲ್ಲ. ಆ ಎಂಜಿನಿಯರ್ ಕಾರು ಒಪ್ಪಿಸುವಾಗ ಇದನ್ನು ಬಿಡಿಸಿ ಹೇಳಿದ್ದನಂತೆ. ಮುಂದಿನ ಗಾಡಿಯನ್ನು ದಾಟಬೇಕಾದರೆ ಬಲಗಡೆ ಕೂತವರು ರಸ್ತೆ ನೋಡಿ ಹೇಳಬೇಕು, ಅವರು ಹೇಳುವವರೆಗೆ ಡ್ರೈವರು ಹೋಗಬಾರದು ಎಂದು. ಹಿಂದೆ ಬರುವವರಿಗೆ ಗೊತ್ತಾಗಲಿ ಎಂದು ಕಾರಿನ ಬೆನ್ನ ಮೇಲೆ ಬಿಳಿ ಅಕ್ಷರದಲ್ಲಿ ಲೆಫ್ಟ್ ಹ್ಯಾಂಡ್ ಡ್ರೈವ್ ಎಂದು ಬರೆಸಿಯೂ ಇದ್ದ.

ಮಾವ ಮೊದಲು ಮಾಡಿದ ಕೆಲಸ ಆ ಅಕ್ಷರಕ್ಕೆ ಬಣ್ಣ ಬಳಿಸಿದ್ದು. ಹೊಸ ಕಾರಿಗೆ ಬರೆ ಎಳೆದ ಹಾಗೆ ಕಾಣುತ್ತದಂತೆ. ಎರಡನೆಯದು ಬೆಲ್ಟು. ಮುಂದಿನ ಎರಡು ಸೀಟಿಗೂ ಸೊಂಟಕ್ಕೂ ಭುಜಕ್ಕೂ ಹಾಕಿಕೊಳ್ಳುವ ಅಗಲವಾದ ಬೆಲ್ಟುಗಳಿದ್ದವು. ಅಂಥದ್ದನ್ನು ನಾವು ಯಾರೂ ಕಂಡಿರಲಿಲ್ಲ. ಸಂತೆಗೆ ಸಾಗಿಸುವ ಕುರಿಯ ಹಾಗೆ ಕಟ್ಟಿಸಿಕೊಂಡು ಕೂರುವುದಕ್ಕೆ ನಾನೇನು ಕುರಿಯಾ ಎಂದು ಮಾವ ತಮ್ಮದನ್ನು ಕುಡುಗೋಲಲ್ಲಿ ಕೊಯ್ದು ಹಾಕಿದರು. ಡ್ರೈವರ್ ಸಿದ್ದಯ್ಯ ತನ್ನದನ್ನು ಹಾಕಿಕೊಳ್ಳುತ್ತಿದ್ದ. ಧಣಿಯೇ ಕಟ್ಟಿಕೊಳ್ಳದೆ ಇರುವಾಗ ಡ್ರೈವರ್ ಕಟ್ಟಿಕೊಂಡರೆ ಯಾರ ಪ್ರಾಣ ಹೆಚ್ಚು ಎಂದ ಹಾಗಾಯಿತು ಎಂದು ಅದನ್ನೂ ಕೊಯ್ಯಿಸಿದರು. ಅಲ್ಪನಿಗೆ ಐಶ್ವರ್ಯ ಬಂದರೆ ಅರ್ಧರಾತ್ರೀಲಿ ಕೊಡೆ ಹಿಡಿದ ಎಂದು ಗಾದೆ ಮಾಡಿದವರು ನಮ್ಮ ಮಾವನನ್ನು ನೋಡಿಯೇ ಮಾಡಿರಬೇಕು.

ಇನ್ನೊಂದು ಸಂಗತಿ ಇದೆ. ನಮ್ಮ ಕಡೆ ದೊಡ್ಡ ಮನುಷ್ಯರು ಡ್ರೈವರ್ ಪಕ್ಕದ ಮುಂದಿನ ಸೀಟಲ್ಲೇ ಕೂರಬೇಕು. ಹೆಂಗಸರು, ಮಕ್ಕಳು, ಮೂಟೆ ಎಲ್ಲ ಹಿಂದೆ. ಈ ಕಾರಲ್ಲಿ ಆ ಸೀಟು ಬಲಗಡೆ ಇತ್ತಲ್ಲ, ದೂರದಿಂದ ನೋಡಿದವರಿಗೆ ಗೌಡರೇ ಕಾರು ಓಡಿಸುತ್ತಿದ್ದಾರೆ ಎಂದು ಕಾಣುತ್ತಿತ್ತು. ಮಾವನಿಗೆ ಅದೇ ಬೇಕಿತ್ತು. ಮೊಣಕೈ ಕಿಟಕಿಯ ಮೇಲಿಟ್ಟು, ರುಮಾಲು ಸರಿ ಮಾಡಿಕೊಂಡು, ನಮಸ್ಕಾರ ಹಾಕಿದವರಿಗೆಲ್ಲ ಕೈ ಎತ್ತಿಕೊಂಡು ಹೋಗುತ್ತಿದ್ದರು. ರಸ್ತೆ ನೋಡಿ ಹೇಳುವುದು ಕ್ಲೀನರ್ ಕೆಲಸ ಎಂದು ಅವರ ಲೆಕ್ಕ. ಅದಕ್ಕೆಂದೇ ಆಳು ಜವರನನ್ನು ಹಿಂದಿನ ಸೀಟಿನ ಬಲಗಡೆ ಕೂರಿಸುತ್ತಿದ್ದರು. ಅವನು ಕಿಟಕಿಯಿಂದ ಕತ್ತು ಹೊರಗೆ ಹಾಕಿ "ಬಾ", "ಬ್ಯಾಡ ತಡಿ" ಎನ್ನುತ್ತಿದ್ದ. ಹಾಗೂ ಹೀಗೂ ನಡೆಯುತ್ತಿತ್ತು.

ಆಲೂಗೆಡ್ಡೆ ಕೀಳುವ ಕಾಲ. ಒಂದು ಬೆಳಿಗ್ಗೆ ಅತ್ತೆ ಕೊಟ್ಟಿಗೆಗೆ ಕಲಗಚ್ಚು ಇಡಲು ಹೋದರು. ಹೊಸದಾಗಿ ತಂದಿದ್ದ ಒಂದು ಎತ್ತು ಇನ್ನೂ ಮನೆಯವರಿಗೆ ಹೊಂದಿಕೊಂಡಿರಲಿಲ್ಲ. ಅತ್ತೆ ಬಗ್ಗಿದ್ದೇ ತಡ, ತಿವಿದುಬಿಟ್ಟಿತು. ಕೂಗು ಕೇಳಿ ಓಡಿ ಹೋದೆ. ಕೊಂಬು ತೊಡೆಯೊಳಗೆ ಇಳಿದಿತ್ತು. ಸೀರೆಯೆಲ್ಲ ರಕ್ತ. ಊರಿನ ಕಾಂಪೌಂಡರು ಬಂದು ನೋಡಿ, ಹಳೇ ಸೀರೆ ಹರಿದು ಬಿಗಿಯಾಗಿ ಕಟ್ಟಿ, ಇದು ನನ್ನ ಕೈಲಾಗುವುದಲ್ಲ, ಕೂಡಲೇ ಹಾಸನದ ದೊಡ್ಡಾಸ್ಪತ್ರೆಗೆ ಕರಕೊಂಡು ಹೋಗಿ, ಕಟ್ಟು ಸಡಿಲವಾಗದಂತೆ ನೋಡಿಕೊಳ್ಳಿ, ಮತ್ತೆ ಗಾಯ ಒಡೆದರೆ ಉಳಿಯುವುದು ಕಷ್ಟ ಎಂದರು.

ಸಿದ್ದಯ್ಯ ಕಾರು ತಂದು ಬಾಗಿಲಿಗೆ ನಿಲ್ಲಿಸಿದ. ಅತ್ತೆಯನ್ನು ಹಿಂದಿನ ಸೀಟಲ್ಲಿ ಮಲಗಿಸಿ, ತಲೆಯನ್ನು ನನ್ನ ತೊಡೆಯ ಮೇಲಿಟ್ಟುಕೊಂಡು ನಾನು ಕೂತೆ. ಹಿಂದೆ ಇನ್ನೊಬ್ಬರಿಗೆ ಜಾಗವಿರಲಿಲ್ಲ. ಮಾವ ಎಲ್ಲಿ ಎಂದು ನೋಡಿದರೆ ಒಳಗೆ ಕೋಟು ಹಾಕಿಕೊಳ್ಳುತ್ತಿದ್ದರು! ಕಟ್ಟಿಕೊಂಡ ಹೆಂಡತಿಯ ರಕ್ತ ಕಾರಿನ ಸೀಟಿಗೆ ಇಳಿಯುತ್ತಿದೆ, ಇವರು ಕನ್ನಡಿ ಮುಂದೆ ರುಮಾಲು ಸುತ್ತುತ್ತಿದ್ದಾರೆ. ಸಿದ್ದಯ್ಯ ಕೈ ಕೈ ಹಿಸುಕಿಕೊಂಡು, ಇವತ್ತು ಜವರನನ್ನು ಮುಂದೆ ಕೂರಿಸಿಕೊಳ್ಳುತ್ತೇನೆ, ರಸ್ತೆ ತುಂಬ ಆಲೂಗೆಡ್ಡೆ ಗಾಡಿ ಇರುತ್ತವೆ, ತಾವು ಹಿಂದಿನಿಂದ ಬಸ್ಸಿಗೆ ಬನ್ನಿ ಎಂದು ಕೇಳಿಕೊಂಡ. ನನ್ನ ಕಾರಲ್ಲಿ ನನ್ನ ಆಳು ಮುಂದೆ, ನಾನು ಬಸ್ಸಲ್ಲಾ ಎಂದು ಮಾವ ಅವನ ಬಾಯಿ ಮುಚ್ಚಿಸಿದರು. ಹಾಗಾದರೆ ನಾನು ಮುಂದೆ ಕೂತು ನೋಡುತ್ತೇನೆ, ಮಾವ ಅತ್ತೆಯ ಹತ್ತಿರ ಕೂರಲಿ ಎಂದೆ. ಮದುವೆ ವಯಸ್ಸಿಗೆ ಬಂದ ಹುಡುಗಿ ಡ್ರೈವರ್ ಪಕ್ಕದಲ್ಲಿ ಕೂತರೆ ಊರು ಏನನ್ನುತ್ತದೆ ಎಂದು ನನಗೂ ಗದರಿದರು. ಅಲ್ಲಿಗೆ ಮಾತು ಮುಗಿಯಿತು. ಜವರ ಊರಲ್ಲೇ ಉಳಿದ.

ಅರಕಲಗೂಡು ದಾಟಿ ಗೊರೂರಿನವರೆಗೆ ಹೇಗೋ ಬಂದೆವು. ಗೊರೂರು ದಾಟಿದ ಮೇಲೆ ಶುರುವಾಯಿತು. ಹಾಸನದ ಮಂಡಿಗೆ ಹೊರಟ ಆಲೂಗೆಡ್ಡೆಯ ಎತ್ತಿನ ಗಾಡಿಗಳು ಒಂದರ ಹಿಂದೆ ಒಂದು. ಪ್ರತಿಯೊಂದನ್ನೂ ದಾಟಬೇಕಾದರೆ ಸಿದ್ದಯ್ಯ "ಗೌಡ್ರೇ, ಎದುರ್ಗೆ ಏನಾರ ಬತ್ತಾ ಐತಾ ನೋಡಿ" ಎನ್ನಬೇಕು. ಮಾವ ಎರಡು ಸಲ ನೋಡಿ ಹೇಳಿದರು. ಆಮೇಲೆ ಸಿಡಿಮಿಡಿ ಶುರುವಾಯಿತು. ಅತ್ತೆ ಹಲ್ಲು ಕಚ್ಚಿಕೊಂಡು ಸುಮ್ಮನೆ ಮಲಗಿದ್ದರು. ಪ್ರತಿ ಕುಲುಕಿಗೂ ನನ್ನ ಕೈಯನ್ನು ಬಿಗಿಯಾಗಿ ಹಿಡಿಯುತ್ತಿದ್ದರು. ಅವರ ಕೈ ತಣ್ಣಗಾಗುತ್ತಿದ್ದುದು ನನಗೆ ಗೊತ್ತಾಗುತ್ತಿತ್ತು.

ಒಂದು ತಿರುವಿನ ಹತ್ತಿರ ಕಾಫಿ ಹೋಟೆಲಿತ್ತು. ಮುಂದೆ ದೊಡ್ಡ ಗಾಡಿ, ಮೂಟೆಗಳನ್ನು ಎತ್ತರಕ್ಕೆ ಒಟ್ಟಿದ್ದರು. ಹೋಟೆಲಿನ ಮುಂದೆ ಕೂತಿದ್ದ ಗುಂಪು ಮಾವನನ್ನು ಕಂಡು ಎದ್ದು ನಿಂತು ಕೈ ಮುಗಿಯಿತು. ಮಾವ ಅವರ ಕಡೆ ತಿರುಗಿ ಕೈ ಎತ್ತಿದರು. ಅದೇ ಹೊತ್ತಿಗೆ ಸಿದ್ದಯ್ಯ, ಎದುರಿಗೆ ಏನಾದರೂ ಬರುತ್ತಿದೆಯಾ ಎಂದು ಕೇಳಿದ. ಮಾವ ರಸ್ತೆಯ ಕಡೆ ತಿರುಗಲೂ ಇಲ್ಲ.

"ಓಗ್ಲಾ ಅತ್ಲಾಗೆ" ಎಂದರು. "ಆಲೂಗೆಡ್ಡೆ ಗಾಡಿ ಇಂದೆ ತೆವಳ್ಕಂಡು ಓದ್ರೆ ನೋಡ್ದೋರು ಏನಂದಾರು?"

ಧಣಿ ಹೇಳಿದ ಮೇಲೆ ಸಿದ್ದಯ್ಯ ಬಲಕ್ಕೆ ತೆಗೆದ. ಎದುರಿಗೆ ಬಸ್ಸು. ನಾನು ಕಂಡದ್ದು ಇಷ್ಟೇ, ಕಿಟಕಿಯ ತುಂಬ ಬಸ್ಸಿನ ಮೂತಿ. ಸಿದ್ದಯ್ಯ ಬ್ರೇಕ್ ಒತ್ತಿ ಬಲಗಡೆಯ ಚರಂಡಿಗೆ ಇಳಿಸಿದ. ಬಸ್ಸು ಕಾರಿನ ಬೆನ್ನು ಸವರಿಕೊಂಡು ಹೋಗಿ ಮುಂದೆ ನಿಂತಿತು. ಮಾವನ ಹಣೆ ಮುಂದಿನ ಗಾಜಿಗೆ ಹೊಡೆದು ರುಮಾಲು ಬಿತ್ತು. ಸಿದ್ದಯ್ಯನ ಎದೆ ಸ್ಟೇರಿಂಗಿಗೆ ಅಪ್ಪಳಿಸಿತು. ಅತ್ತೆ ಸೀಟಿನಿಂದ ಉರುಳಿ ಕೆಳಗೆ ಬಿದ್ದರು. ಕಟ್ಟಿದ್ದ ಬಟ್ಟೆ ಜಾರಿ ಗಾಯ ಮತ್ತೆ ಒಡೆಯಿತು. ನಾನು ನನ್ನ ಸೆರಗನ್ನೇ ಹರಿದು ಗಾಯಕ್ಕೆ ಒತ್ತಿ ಹಿಡಿದೆ.

ಬಸ್ಸಿನ ಡ್ರೈವರು ಇಳಿದು ಬೆಂಕಿಯಾಗಿ ಬಂದ. ಬಂದವನು ನೇರವಾಗಿ ಬಲಗಡೆಯ ಕಿಟಕಿಗೇ ಹೋಗಿ ಮಾವನ ಕೋಟಿನ ಕಾಲರಿಗೆ ಕೈ ಹಾಕಿದ. ನಮ್ಮ ದೇಶದಲ್ಲಿ ಆ ಕಡೆ ಕೂತವನೇ ಡ್ರೈವರ್ ಅಲ್ಲವೇ? "ಕಣ್ಣು ಎಲ್ಲಿ ಮಡಿಕಂಡಿದ್ಯಲಾ? ಮೂವತ್ತು ಜನ ಅವ್ರೆ ನನ್ ಬಸ್ಸಲ್ಲಿ" ಎಂದು ಕೂಗಿದ. ಅಷ್ಟು ದಿನ ತಾವೇ ಕಾರು ಓಡಿಸುವವರ ಹಾಗೆ ಮೆರೆದ ಮನುಷ್ಯ ಆಗ ಏನು ಮಾಡಬೇಕು? ಎಡಗಡೆಗೆ ಬೆರಳು ತೋರಿಸಿ, ನಾನಲ್ಲ, ಡ್ರೈವರ್ ಅವನು ಎಂದರು. ಅಷ್ಟಕ್ಕೇ ಬಿಡಲಿಲ್ಲ. ಕಾರಿನಿಂದ ಇಳಿದು, ಸುತ್ತಿ ಬಂದು, ಎದೆ ಹಿಡಿದುಕೊಂಡು ನಿಂತಿದ್ದ ಸಿದ್ದಯ್ಯನ ಕೆನ್ನೆಗೆ ಎಲ್ಲರೆದುರು ಬಾರಿಸಿದರು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎನ್ನುವುದನ್ನು ಕೇಳಿದ್ದೆ, ಅವತ್ತು ಕಣ್ಣಾರೆ ಕಂಡೆ. ಸಿದ್ದಯ್ಯ ನನಗಿಂತ ಇಪ್ಪತ್ತು ವರ್ಷಕ್ಕೆ ದೊಡ್ಡವನು. ತಲೆ ತಗ್ಗಿಸಿ ನಿಂತುಬಿಟ್ಟ.

ನನಗೆ ಅದೇನಾಯಿತೋ. ಅಲ್ಲಿಯವರೆಗೆ ಮಾವನೆದುರು ತಲೆ ಎತ್ತಿ ಮಾತಾಡಿದವಳಲ್ಲ. ಗಾಡಿಯವರು, ಬಸ್ಸಿನ ಜನ ಎಲ್ಲ ಸೇರಿ ಕಾರನ್ನು ಚರಂಡಿಯಿಂದ ಎತ್ತಿ ರಸ್ತೆಗೆ ಬಿಟ್ಟರು. ಪುಣ್ಯಕ್ಕೆ ಅದು ಸ್ಟಾರ್ಟ್ ಆಯಿತು. ಅತ್ತೆಯನ್ನು ಎತ್ತಿ ಮತ್ತೆ ಸೀಟಿನ ಮೇಲೆ ಮಲಗಿಸಿದೆವು. ಮಾವ ರುಮಾಲಿನ ಮಣ್ಣು ಕೊಡವಿ ಮತ್ತೆ ಅದೇ ಸೀಟಲ್ಲಿ ಹೋಗಿ ಕೂತರು. ನಾನು ಗಾಯವನ್ನು ಒತ್ತಿ ಹಿಡಿಯಲು ಅತ್ತೆಯ ಕೈಗೇ ಕೊಟ್ಟು, ಇಳಿದು ಹೋಗಿ ಮುಂದಿನ ಬಾಗಿಲು ತೆಗೆದೆ.

"ಮಾವ, ಇಳೀರಿ. ಹಿಂದೆ ಕೂತ್ಕಂಡು ಅತ್ತೆ ಕಾಲು ಹಿಡ್ಕಳಿ. ರಸ್ತೆ ನಾನು ನೋಡ್ತೀನಿ."

ಹೆಣ್ಣುಮಗಳೇ, ಜನ ನೋಡುತ್ತಿದ್ದಾರೆ, ಹೋಗಿ ಹಿಂದೆ ಕೂರು ಎಂದರು. ನಾನು ಬಾಗಿಲು ಬಿಡಲಿಲ್ಲ. ನೋಡಲಿ ಎಂದೆ. ಅತ್ತೆ ಸತ್ತರೆ ಅದನ್ನೂ ನೋಡುತ್ತಾರೆ ಎಂದೆ. ಮಾವ ಹೊಡೆಯಲು ಕೈ ಎತ್ತಿದರು. ಆಗ ಹಿಂದಿನಿಂದ ಅತ್ತೆಯ ಧ್ವನಿ ಬಂತು. ಬೆಳಗಿನಿಂದ ಅವರು ಆಡಿದ ಮೊದಲ ಮಾತು ಅದು.

"ಇಳೀರಿ ಅಂತ ಮಗ ಏಳ್ತಾ ಇಲ್ವಾ? ಇಳೀರಿ."

ಮಾವ ಇಳಿದರು. ಹಿಂದೆ ಹೋಗಿ ಅತ್ತೆಯ ಕಾಲನ್ನು ತಮ್ಮ ಮಡಿಲಲ್ಲಿ ಇಟ್ಟುಕೊಂಡು ಗಾಯ ಒತ್ತಿ ಹಿಡಿದು ಕೂತರು. ಅಲ್ಲಿಂದ ಹಾಸನದವರೆಗೆ ನಾನು ಕಿಟಕಿಯಿಂದ ಅರ್ಧ ಮೈ ಹೊರಗೆ ಹಾಕಿ ರಸ್ತೆ ನೋಡಿದೆ. ಬನ್ನಿ ಸಿದ್ದಯ್ಯ, ಬೇಡ, ಲಾರಿ ಇದೆ, ಈಗ ಬನ್ನಿ ಎಂದು ಕೂಗಿ ಕೂಗಿ ಗಂಟಲು ಕಟ್ಟಿತು. ದಾರಿಯಲ್ಲಿ ಗೌಡರ ಕಾರು ಎಂದು ಕೈ ಮುಗಿಯಲು ಎದ್ದವರು ಹರಿದ ಸೆರಗಿನ ಹುಡುಗಿಯನ್ನು ನೋಡಿ ಹಾಗೇ ನಿಂತುಬಿಡುತ್ತಿದ್ದರು. ಸಿದ್ದಯ್ಯನ ಕೆನ್ನೆ ಊದಿತ್ತು. ಆದರೂ ಒಂದು ಗಾಡಿಗೂ ತಾಗಿಸದೆ ಆಸ್ಪತ್ರೆ ಮುಟ್ಟಿಸಿದ.

ಆಸ್ಪತ್ರೆಯಲ್ಲಿ ಡಾಕ್ಟರಮ್ಮ ಅತ್ತೆಯನ್ನು ಉಳಿಸಿದರು. ಆದರೆ ಬಿದ್ದ ಹೊಡೆತಕ್ಕೆ ಗಾಯ ಒಳಗಿನಿಂದ ಹರಿದಿತ್ತು, ಕಾಲು ಮೊದಲಿನಂತೆ ಆಗುವುದಿಲ್ಲ ಎಂದರು. ಹಾಗೇ ಆಯಿತು. ಅತ್ತೆ ಕೋಲು ಹಿಡಿದರು. ಮಾವ ಏನು ಮಾಡಿದರು ಗೊತ್ತೇ? ವಾರದೊಳಗೆ ಸಿದ್ದಯ್ಯನನ್ನು ಕೆಲಸದಿಂದ ಬಿಡಿಸಿದರು. ಅವನು ಕುಡಿದು ಗಾಡಿ ಓಡಿಸಿದ ಎಂದು ಊರೆಲ್ಲ ಹೇಳಿದರು. ಅವನು ಹೊಳೇನರಸೀಪುರಕ್ಕೆ ಹೋಗಿ ಲಾರಿ ಓಡಿಸುತ್ತಿದ್ದಾನೆ ಎಂದು ಕೇಳಿದೆ, ಮತ್ತೆ ನೋಡಲಾಗಲಿಲ್ಲ. ಇನ್ನು ನಮ್ಮ ಅಪ್ಪ. ವಿಷಯ ತಿಳಿದು ಚನ್ನರಾಯಪಟ್ಟಣದಿಂದ ಬಂದವರು ನನಗೆ ಹೇಳಿದ್ದು ಒಂದೇ ಮಾತು, ಡ್ರೈವರ್ ಪಕ್ಕ ಕೂತು ಹಾಸನದವರೆಗೆ ಹೋದೆ ಎಂದು ಯಾರ ಹತ್ತಿರವೂ ಬಾಯಿ ಬಿಡಬೇಡ, ಗಂಡು ಸಿಕ್ಕುವುದಿಲ್ಲ. ರಸ್ತೆ ನೋಡದವರು ತಲೆ ಎತ್ತಿಕೊಂಡು ಓಡಾಡಬಹುದು, ನೋಡಿದವಳು ಮುಚ್ಚಿಡಬೇಕು! ಇದು ಯಾವ ದೇಶದ ರೂಲು?

ಮುಂದಿನ ವರ್ಷ ನನ್ನನ್ನು ನೋಡಲು ಚನ್ನರಾಯಪಟ್ಟಣದ ನಮ್ಮ ಮನೆಗೆ ಹಾಸನದಿಂದ ಗಂಡಿನ ಕಡೆಯವರು ಬಂದರು. ಅತ್ತೆ ಮಾವನೂ ಬಂದಿದ್ದರು. ಉಪ್ಪಿಟ್ಟು, ಕೇಸರಿಬಾತು ಆಯಿತು. ಗಂಡಿನ ತಂದೆ ಅತ್ತೆಯ ಕಾಲು ನೋಡಿ, ಕುಡುಕ ಡ್ರೈವರ್ ಮಾಡಿದ ಕೆಲಸವಂತೆ, ಅಂಥವರನ್ನು ಇಟ್ಟುಕೊಳ್ಳಬಾರದು ಎಂದರು. ಮಾವ ಹೌದು ಹೌದು ಎಂದು ತಲೆಯಾಡಿಸಿದರು. ನಾನು ಕಾಫಿ ತಟ್ಟೆ ಹಿಡಿದು ನಿಂತಿದ್ದೆ. ಅಪ್ಪ ನನ್ನ ಕಡೆ ಕಣ್ಣು ಬಿಟ್ಟು ನೋಡುತ್ತಿದ್ದರು. ಮಾತಾಡಿದ್ದು ನಾನಲ್ಲ, ಅತ್ತೆ.

"ಅವನು ಕುಡ್ದಿರ್ಲಿಲ್ಲ. ನಮ್ಮೋರು ರಸ್ತೆ ನೋಡ್ಲಿಲ್ಲ. ಈ ಮಗ ಮುಂದೆ ಕೂತ್ಕಂಡು ಆಸ್ಪತ್ರೆ ತನಕ ನೋಡಿ ಏಳಿದ್ಕೆ ನಾನು ಇವತ್ತು ನಿಮ್ ಮುಂದೆ ಕೂತಿವ್ನಿ."

ಮಾವನ ಮುಖ ಕಪ್ಪಿಟ್ಟಿತು. ಎದ್ದು ಒಳಗೆ ನಡಿ ಎಂದು ಅತ್ತೆಗೆ ಹೇಳಿದರು. ಅತ್ತೆ ಕೂತಲ್ಲೇ ಕೂತಿದ್ದರು.

"ಆಗಕ್ಕಿಲ್ಲ. ಕಾಲು ನೋಯ್ತದೆ."

ಆ ಸಂಬಂಧ ತಪ್ಪಿತು. ಅಪ್ಪ ಎಷ್ಟೋ ದಿನ ನನ್ನ ಹತ್ತಿರ ಮಾತು ಬಿಟ್ಟರು. ಆಮೇಲೆ ನನಗೆ ಟೀಚರ್ ಕೆಲಸವಾಯಿತು, ಮದುವೆಯೂ ಆಯಿತು, ಅದೆಲ್ಲ ಬೇರೆ ಮಾತು. ಅತ್ತೆ ತೀರಿಕೊಂಡು ಬಹಳ ವರ್ಷವಾಯಿತು. ಅವರು ಅವತ್ತು ಆಡಿದ ಮಾತು ನೆನೆದರೆ ಈಗಲೂ ಎದೆ ತುಂಬಿ ಬರುತ್ತದೆ, ಹಿಂದೆಯೇ ಸಿಟ್ಟೂ ಬರುತ್ತದೆ. ಅಷ್ಟು ಮಾತು ಒಳಗಿದ್ದ ಹೆಂಗಸು ಅದನ್ನು ಗಂಡನೆದುರು ಆಡಬೇಕಾದರೆ ಒಂದು ಕಾಲು ಊನವಾಗಬೇಕಾಯಿತಲ್ಲ.