ತೋಂಟದಾರ್ಯಣ್ಣನಿಗೆ ಅವ್ವನ ಒಪ್ಪಿಗೆ

ನಮ್ಮ ಪಕ್ಕದ ಮನೆಯ ತೋಂಟದಾರ್ಯಣ್ಣನ ಬಾಯಿಂದ ನಿಜ ಹೊರಡಿಸುವುದು ಕಷ್ಟ. ಕೊಬ್ಬರಿಗೆಂದು ಅಟ್ಟಕ್ಕೆ ಹಾಕಿದ ಕಾಯಿ ಎಷ್ಟಿದೆ ಎಂದು ನಮ್ಮ ಕಡೆ ಯಾರೂ ಹೊರಗೆ ಹೇಳುವುದಿಲ್ಲ. ಹೇಳಿದರೆ ದೃಷ್ಟಿಯಾಗುತ್ತದೆ, ವ್ಯಾಪಾರಿಯೂ ಬೆಲೆ ಇಳಿಸುತ್ತಾನೆ. ಅಣ್ಣ ಆ ಪದ್ಧತಿಯನ್ನು ಎಲ್ಲದಕ್ಕೂ ಹಿಗ್ಗಿಸಿಕೊಂಡಿದ್ದ. ಊಟ ಆಯ್ತಾ ಎಂದರೂ "ಯಾಕೆ?" ಎನ್ನುವ ಆಸಾಮಿ.

ಅಂಥವನು ಮೊಬೈಲಿನ ಗೇಮ್ ಅಂಗಡಿಯಿಂದ ಮೀನು ಹಿಡಿಯುವ ಆಟ ಇಳಿಸಿಕೊಂಡ. ಮೊಟ್ಟೆಯೂ ಹೊಸಿಲು ದಾಟದ ಶಿವಭಕ್ತರ ಮನೆ ಅದು. ಅವನ ತಾಯಿ ಗಿರಿಜಾಂಬಿಕಾ ಲಿಂಗಪೂಜೆ ಮುಗಿಸದೆ ನೀರು ಕುಡಿಯುವವರಲ್ಲ. ಅವರಿಗೆ ಗೊತ್ತಾಗಬಾರದೆಂದು ಮಧ್ಯಾಹ್ನ "ಕೊಬ್ಬರಿ ನೋಡ್ಕಂಡ್ ಬತ್ತೀನಿ" ಎಂದು ಅಟ್ಟ ಹತ್ತಿ ಆಡುತ್ತಿದ್ದ. ಆ ಅಂಗಡಿ ಅವನ ಹೆಸರು ಕೇಳಿದಾಗ ಬೆಟ್ಟಸ್ವಾಮಿ ಎಂದ, ಊರು ಹುಳಿಯಾರು ಎಂದ, ಹುಟ್ಟಿದ ವರ್ಷಕ್ಕೆ ತೋಟದ ಬೋರ್‌ವೆಲ್ ಕೊರೆಸಿದ ವರ್ಷ ಒತ್ತಿದ. "ನನ್ ವಯಸ್ಸು ಅವ್ರಿಗ್ಯಾಕ್ಲಾ" ಎಂದು ನನ್ನ ಮುಂದೆ ಬೀಗಿದ.

ಆಮೇಲೆ ಮಕ್ಕಳು ಆಡಲು ಹೆತ್ತವರ ಒಪ್ಪಿಗೆ ಬೇಕೆಂಬ ಹೊಸ ನಿಯಮ ಬಂತು. ಬೋರ್‌ವೆಲ್ ವರ್ಷದಿಂದ ಎಣಿಸಿದ ಅಂಗಡಿಗೆ, ಅರವತ್ತರ ಹತ್ತಿರದ ಈ ಮೀಸೆಯ ಗಂಡಸು ಇನ್ನೂ ಮಗು. ಆಟಕ್ಕೆ ಬೀಗ ಬಿತ್ತು. ವಯಸ್ಸು ತಿದ್ದಬೇಕಾದರೆ ಆಧಾರ್ ಕಳಿಸಬೇಕು, ಇಲ್ಲವೇ ತಂದೆತಾಯಿ ಒಪ್ಪಿಗೆ ಕೊಡಬೇಕು. ವರ್ಷವಿಡೀ ಆಡಿ ಗಳಿಸಿದ ದೋಣಿ ಆಟದೊಳಗೇ ಉಳಿಯಿತು. ನನಗಂತೂ ನಗು ತಡೆಯಲಾಗಲಿಲ್ಲ.

"ಆಧಾರ್ ಕೊಡೋದೂ ಒಂದೇ, ಅಟ್ಟಕ್ಕೆ ಏಣಿ ಹಾಕ್ಕೊಡೋದೂ ಒಂದೇ" ಎಂದು ಅಣ್ಣ ಮುಖ ಊದಿಸಿಕೊಂಡು ಓಡಾಡಿದ. ಕೊನೆಗೆ ದೋಣಿಯ ಆಸೆ ಗೆದ್ದಿತು. ಅವ್ವನ ಫೋನ್ ನಂಬರ್ ಕೊಟ್ಟು, "ಯಾವ್ದೋ ಮೆಸೇಜ್ ಬತ್ತದೆ ಕಣವ್ವ, ಓದ್‌ಬ್ಯಾಡ, ಹೂಂ ಅಂತ ಒತ್ತು ಸಾಕು" ಎಂದ.

ಅವ್ವ ಕನ್ನಡಕ ಹಾಕಿಕೊಂಡು ಓದಿಯೇ ಬಿಟ್ಟರು. ನಾನೂ ಇಣುಕಿದೆ. ನಿಮ್ಮ ಮಗು ಬೆಟ್ಟಸ್ವಾಮಿ ದಿನಾ ಯಾವ ಹೊತ್ತಿಗೆ ಆಡುತ್ತಾನೆ, ಯಾವ ಮೀನು ಹಿಡಿದ, ಯಾವುದನ್ನು ಮಾರಿದ, ಆಗ ಫೋನ್ ಯಾವ ಊರಲ್ಲಿತ್ತು, ಎಲ್ಲವೂ ಅಲ್ಲಿತ್ತು. ಅಣ್ಣ ಹೇಳಿದ್ದೆಲ್ಲ ಸುಳ್ಳು, ಹೇಳದೇ ಉಳಿದದ್ದೆಲ್ಲ ನಿಜ. ಊರಿನ ಹೆಸರು ಕೂಡ ಹುಳಿಯಾರಲ್ಲ, ನಮ್ಮದೇ ಇತ್ತು.

"ಮೀನು ಮಾರ್ತೀಯೇನ್ಲಾ?" ಅವ್ವ ಕೇಳಿದರು.

ಅಣ್ಣ ತಲೆ ತಗ್ಗಿಸಿದ. "ನಿಜವಾದ ಮೀನಲ್ಲ ಕಣವ್ವ, ಆಟ."

"ಯಾವನೋ ಅಂಗಡಿಯೋನಿಗೆ ಹೇಳಿದ್ದನ್ನ ನಂಗೆ ಹೇಳಕ್ಕೇನಾಗಿತ್ತು?"

"ನಾನ್ ಹೇಳಿಲ್ಲ ಕಣವ್ವ. ಅವ್ರೇ ನೋಡ್ಕಂಡವ್ರೆ."

ಅವ್ವ ಕನ್ನಡಕ ಸರಿಮಾಡಿಕೊಂಡು ಅದನ್ನು ಇನ್ನೊಮ್ಮೆ ಮೇಲಿಂದ ಓದಿದರು. ನನ್ನ ನಗುವೂ ಅಲ್ಲಿಗೇ ನಿಂತಿತು. ನನ್ನ ಫೋನ್ ಜೇಬಿನಲ್ಲೇ ಇತ್ತು.

"ಗುರುತಿಲ್ಲದೋರು ನೋಡ್‌ಬೌದು, ಹೆತ್ತೋಳು ನೋಡ್‌ಬಾರ್ದಾ? ಇಲ್ಲೇ ಜಗಲಿ ಮೇಲೆ ಕೂತು ಆಡು" ಎಂದು ಅವ್ವ ಒಪ್ಪಿಗೆ ಒತ್ತಿದರು.

ಈಗ ಮಧ್ಯಾಹ್ನವಾದರೆ ತಾಯಿ ಮಗ ಇಬ್ಬರೂ ಜಗಲಿಯಲ್ಲಿ. ಅಂಗಡಿಯವರು ಈಗಲೂ ನೋಡುತ್ತಲೇ ಇರಬೇಕು. ನಿನ್ನೆ ನಾನು ಹೋದಾಗ ಅವ್ವ ಪರದೆಯ ಮೇಲೆ ಬೆರಳಿಟ್ಟು ಮಗನಿಗೆ ಹೇಳುತ್ತಿದ್ದರು: "ಅದನ್ನ ಬುಡ್‌ಬ್ಯಾಡ ಕಣ್ಲಾ, ದೊಡ್ಡದು."