ನರ್ಸಕ್ಕನ ಚೀಲ

ಬೆಟಗೇರಿಯ ನಮ್ಮ ಓಣಿಯಲ್ಲಿದ್ದ ಕ್ರಿಶ್ಚಿಯನ್ ನರ್ಸಕ್ಕ, ಸಕ್ಕರೆ ಕಾಯಿಲೆಯಿಂದ ಅವ್ವನ ಕಾಲಿಗಾದ ಗಾಯಕ್ಕೆ ದಿನಾ ಪಟ್ಟಿ ಕಟ್ಟಲು ಬರುತ್ತಿದ್ದರು. ಚಪ್ಪಲಿ ಹೊರಗೆ ಬಿಟ್ಟು, ಸೆರಗು ಸಿಕ್ಕಿಸಿ, "ನೋಡೂಣ ಬರ್ರಿ, ವೈನಿ" ಎಂದು ಅವ್ವನ ಪಾದವನ್ನು ತಮ್ಮ ತೊಡೆಯ ಮೇಲೆ ಇಟ್ಟುಕೊಳ್ಳುತ್ತಿದ್ದರು.

"ಒಂದಿನಾ ಆ ಚೀಲದಾಗಿಂದ ಬೈಬಲ್ ತೆಗೀತಾರ, ನೋಡ್ತಿರು" ಎನ್ನುತ್ತಿದ್ದ ಅಪ್ಪ. ಅವರು ಚೀಲಕ್ಕೆ ಕೈ ಹಾಕಿದಾಗಲೆಲ್ಲ ಜೋರಾಗಿ ಕೆಮ್ಮುತ್ತಿದ್ದ. ಹೊರಗೆ ಬರುತ್ತಿದ್ದುದು ಹತ್ತಿ ಮತ್ತು ಮುಲಾಮು.

ಬೆರಳು ತೆಗೆಯಬೇಕಾದೀತು ಎಂದಿದ್ದ ಡಾಕ್ಟರೇ ಕೊನೆಗೊಮ್ಮೆ ಗಾಯ ಮಾಯಿತು ಎಂದರು. ಮನೆಗೆಲ್ಲ ಉಸಿರು ಬಂತು. ಮರುದಿನ ಅಪ್ಪ ನರ್ಸಕ್ಕನಿಗೆ ತಾನೇ ಚಹಾ ತಂದುಕೊಟ್ಟು ಕೇಳಿದ: "ಬೈಬಲ್ ಯಾಕ ತೆಗೀಲಿಲ್ರಿ, ಅಕ್ಕಾರ?"

"ನೀವು ಕೇಳಿದ್ದಿಲ್ಲಲ್ರಿ, ಅಣ್ಣಾರ."

ಅಪ್ಪ ಚಾಪೆ ಹಾಸಿ ತಾನೇ ಮೊದಲು ಕುಳಿತ. "ಈಗ ಕೇಳಾಕತ್ತೇನಿ. ನಿಮ್ಮ ಯೇಸುಸ್ವಾಮಿ ಏನಂತಾನ, ಹೇಳ್ರಿ."